ಎಣ್ಣೆ, ಹಲಗೆ, ಪಟ್ಟಿ: ನಾಯಿಗಳ ಹಿಂದೆ ಹೋದ ವರ್ಷಗಳು

ಅವನ ಎಡ ಹಿಂಗಾಲಿನ ನಡುವಿನ ಎರಡು ಉಗುರುಗಳು ತುದಿಯಲ್ಲಿ ಸವೆದಿರಲಿಲ್ಲ, ಮೇಲ್ಗಡೆ ಸವೆದಿದ್ದವು. ಸೀಮೆಸುಣ್ಣದ ಕಡ್ಡಿಯನ್ನು ಒಂದೇ ಮಗ್ಗುಲಿಗೆ ನೆಲಕ್ಕೆ ಉಜ್ಜಿದ ಹಾಗೆ. ಬಲಗಾಲಿನವು ಸರಿಯಾಗಿದ್ದವು.

ಚೆನ್ನಾಗಿ ನಡೆಯುವ ನಾಯಿಯ ಉಗುರು ತುದಿಯಲ್ಲಿ ಸವೆಯುತ್ತದೆ. ಪಾದ ಎತ್ತಲಾಗದೆ ಎಳೆದುಕೊಂಡು ಹೋಗುವ ನಾಯಿಯದು ಮೇಲ್ಗಡೆ ಸವೆಯುತ್ತದೆ. ಮನೆಯವರು "ಈಚೆಗೆ ಸ್ವಲ್ಪ ಸೋಮಾರಿ ಆಗಿದಾನೆ, ಅಷ್ಟೆ" ಎನ್ನುವ ಹೊತ್ತಿಗೆ ಉಗುರು ಬೇರೆಯದನ್ನು ಹೇಳಿರುತ್ತದೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನನ್ನ ಮೊದಲ ಮಾತು ಇದೇ: ಮನೆಯವರನ್ನು ಮಾತನಾಡಿಸುವ ಮೊದಲು ಉಗುರು ನೋಡಿ.

ನಿವೃತ್ತಿ ಎಂಬ ಪದ ನನ್ನ ವಯಸ್ಸಿಗೆ ದೊಡ್ಡದಾಯಿತು. ಆದರೆ ಆ ಕೆಲಸ ಬಿಟ್ಟಿದ್ದೇನೆ, ಮತ್ತೆ ಅದಕ್ಕೆ ಹೋಗುವುದಿಲ್ಲ. ಕಾರಣ ಇಲ್ಲಿ ಬೇಕಿಲ್ಲ. ನನ್ನ ಜಾಗಕ್ಕೆ ಬಂದಿರುವ ಇಬ್ಬರು ಹುಡುಗಿಯರು "ಅಕ್ಕಾ, ಅಲ್ಲಿ ನಿಜವಾಗ್ಲೂ ಏನ್ ಮಾಡ್ಬೇಕು?" ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನೇಮಕದ ಪತ್ರದಲ್ಲಿ ಅದನ್ನು 'ಕ್ಷೇತ್ರ ಪರೀಕ್ಷೆ' ಎಂದು ಕರೆದಿರುತ್ತಾರೆ. ಕೀಲುನೋವಿನ ಎಣ್ಣೆ, ಪಾದಕ್ಕೆ ಹಚ್ಚುವ ಮುಲಾಮು, ಜಾರದ ಕಾಲುಚೀಲ, ಮಂಚ ಹತ್ತಲು ಇಳಿಜಾರಿನ ಹಲಗೆ, ಹಿಂಗಾಲು ಸೋತ ನಾಯಿಗೆ ಆಸರೆ ಕೊಡುವ ಪಟ್ಟಿ, ಇವನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಮನೆಮನೆಗೆ ಹೋಗಿ, ಸಾಕುನಾಯಿಗಳ ಮೇಲೆ ಪ್ರಯೋಗಿಸಿ, ಏನಾಯಿತೆಂದು ನೋಡಿ ಬರುವುದು. ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿ ಇದಕ್ಕೆ ಸಾಕು. ತಾಳ್ಮೆಯೂ ತೊಳೆಯಲು ಸುಲಭವಾದ ಬಟ್ಟೆಯೂ ಇದ್ದರೆ ಪದವಿ ಇಲ್ಲದಿದ್ದರೂ ನಡೆದೀತು.

ನಮ್ಮ ಕಂಪನಿ ವಿಜಯನಗರದ ಒಂದು ಮನೆಯ ಕೆಳಮಹಡಿಯಲ್ಲಿತ್ತು. ಯಜಮಾನರು ವೆಂಕಟೇಶ್ ಸರ್. ಅದಕ್ಕೂ ಮೊದಲು ಅವರು ಊದುಬತ್ತಿ ವ್ಯಾಪಾರದಲ್ಲಿದ್ದವರು. ಸುವಾಸನೆ ಇಲ್ಲದ ವಸ್ತುವನ್ನು ವಸ್ತು ಎಂದು ಒಪ್ಪಲು ಅವರಿಗೆ ಆಗುತ್ತಿರಲಿಲ್ಲ. ನಾನು ಸೇರಿದಾಗ ತಯಾರಾಗಿದ್ದ ಗಂಧದ ಶಾಂಪೂವಿನಿಂದ ಸ್ನಾನ ಮಾಡಿಸಿದ ನಾಯಿಗಳೆಲ್ಲ ಮೈ ಒರೆಸುವುದರೊಳಗೆ ತಪ್ಪಿಸಿಕೊಂಡು ಹೋಗಿ ಚರಂಡಿಯಲ್ಲೋ ಸಗಣಿಯ ಮೇಲೋ ಹೊರಳಾಡಿ ಬರುತ್ತಿದ್ದವು. ನಾಯಿಯ ಮೂಗಿಗೆ ಆ ಪರಿಮಳ ಶಿಕ್ಷೆ. ಹೊರಳಾಡುವುದು ಅದನ್ನು ಕಳೆದುಕೊಳ್ಳುವ ದಾರಿ. ಇದನ್ನು ನಾನು ವರದಿಯಲ್ಲಿ ಬರೆದು ಕೊಟ್ಟೆ.

"ಸ್ನಾನ ಆದ್ಮೇಲೆ ಉತ್ಸಾಹದಿಂದ ಓಡಾಡ್ತವೆ ಅಂತ ಬರೀಬಹುದಲ್ವಾ?" ಎಂದರು ಸರ್.

"ಚರಂಡಿಗೆ ಓಡ್ತವೆ ಸರ್."

"ದಿಕ್ಕು ಯಾಕೆ ಹಾಕ್ತೀರಿ?"

ಆದರೂ ಅವರು ಕೆಟ್ಟವರಲ್ಲ. ನಾಯಿಗೆ ಕೊಡುವ ಯಾವುದನ್ನೂ ತಾವು ಮೊದಲು ರುಚಿ ನೋಡದೆ ಹೊರಗೆ ಬಿಡುತ್ತಿರಲಿಲ್ಲ. ಕೀಲಿಗೆಂದು ಅರಿಸಿನ, ಶುಂಠಿ, ಅಗಸೆ ಬೀಜ ಸೇರಿಸಿ ಮಾಡಿದ ಪುಡಿಯನ್ನು ನಾಯಿಗಳು ಮೂಸಿ ಹಿಂದೆ ಸರಿದಾಗ, ಅದನ್ನು ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿ ತಿಂದು "ಇದಕ್ಕೇನಾಗಿದೆ, ಚಟ್ನಿಪುಡಿ ಇದ್ದ ಹಾಗಿದೆ" ಎಂದು ಬೇಸರಪಟ್ಟರು. ಮೇಲಿನವರ ಬಗ್ಗೆ ನೀವು ತಿಳಿದಿರಬೇಕಾದದ್ದು ಇಷ್ಟು. ವಸ್ತು ಚೆನ್ನಾಗಿದೆ ಎಂದು ಅವರು ನಿಜವಾಗಿಯೂ ನಂಬಿರುತ್ತಾರೆ. ನಿಮ್ಮ ಕೆಲಸ ನಾಯಿಯ ಅಭಿಪ್ರಾಯವನ್ನು ಅವರಿಗೆ ತಲುಪಿಸುವುದು.

ಮನೆಯವರ ಅಭಿಪ್ರಾಯ ಇನ್ನೊಂದು ಬಗೆಯ ಕಷ್ಟ. ಮೈಸೂರಿನವರು ಮನೆಗೆ ಬಂದವರ ಮನಸ್ಸು ನೋಯಿಸುವುದಿಲ್ಲ. "ಕಾಲುಚೀಲ ಹೇಗಿದೆ?" ಎಂದರೆ "ತುಂಬ ಚೆನ್ನಾಗಿದೆ ಕಣಮ್ಮ, ಕಾಫಿ ತಗೊಳ್ಳಿ" ಎನ್ನುತ್ತಾರೆ. ಅವರ ಹಿಂದೆಯೇ ಅದೇ ಕಾಲುಚೀಲವನ್ನು ನಾಯಿ ಅಗಿಯುತ್ತ ಮಲಗಿರುತ್ತದೆ. ಮೊದಲ ಕೆಲವು ತಿಂಗಳು ನಮ್ಮ ವರದಿಗಳ ಪ್ರಕಾರ ನಾವು ಮಾಡಿದ್ದೆಲ್ಲ ಅಮೃತ. ಆಮೇಲೆ ನಾನು ಪ್ರಶ್ನೆಗಳನ್ನು ಬದಲಿಸಿದೆ. 'ಪರವಾಗಿಲ್ಲವಾ' ಎಂದು ಕೇಳುವುದನ್ನು ಬಿಟ್ಟು, ನಿನ್ನೆ ಎಲ್ಲಿ ಮಲಗಿತ್ತು, ಏಳುವಾಗ ಯಾವ ಕಾಲು ಮೊದಲು ಊರಿತು, ಗೇಟಿನ ತನಕ ಹೋಯಿತೇ ಎಂದು ಕೇಳತೊಡಗಿದೆ. ಸೌಜನ್ಯಕ್ಕಾಗಿ ಯಾರೂ ನಾಯಿ ಮಲಗಿದ ಜಾಗ ಬದಲಿಸಿ ಹೇಳುವುದಿಲ್ಲ.

ಎಣ್ಣೆಯ ಪರೀಕ್ಷೆ ಕೆಟ್ಟದ್ದು ಕುಂಬಾರಕೊಪ್ಪಲಿನಲ್ಲಿ. ಒಂದೇ ಬೀದಿಯಲ್ಲಿ ಮುದಿ ನಾಯಿಗಳಿದ್ದ ಕೆಲವು ಮನೆಗಳು ಸಿಕ್ಕಿದ್ದವು. ಅರ್ಧ ಮನೆಗಳಿಗೆ ಮೂಲಿಕೆ ಹಾಕಿ ಕಾಯಿಸಿದ ಎಣ್ಣೆ, ಉಳಿದರ್ಧಕ್ಕೆ ಬರೀ ಎಳ್ಳೆಣ್ಣೆ. ಯಾರಿಗೆ ಯಾವುದು ಎಂದು ಹೇಳುವಂತಿಲ್ಲ; ಮುಚ್ಚಳದ ಬಣ್ಣ ಮಾತ್ರ ಬೇರೆ. ಪಾಠದಲ್ಲಿ ಓದಿದ್ದನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದೇನೆಂದು ನನಗೆ ಸಮಾಧಾನವಿತ್ತು. ಎರಡು ವಾರ ಬಿಟ್ಟು ಹೋದರೆ ನಾಯಿಗಳೆಲ್ಲ ಒಂದೇ ಸಮ ಇದ್ದವು. ಒಂದೇ ಸಮ ಎಂದರೆ ಅಕ್ಷರಶಃ ಒಂದೇ ಸಮ, ಒಂದೇ ಬಣ್ಣದ ಕಲೆ ಒಂದೇ ಜಾಗದಲ್ಲಿ.

ಪುಟ್ಟಮ್ಮ ಎಂಬಾಕೆ ಬಿಡಿಸಿ ಹೇಳಿದರು. "ನಮ್ಮನೆಗೆ ಕೆಂಪು ಮುಚ್ಚಳದ್ದು ಕೊಟ್ಟಿದ್ರಿ, ಜಯಮ್ಮನ ಮನೆಗೆ ಹಸಿರು ಮುಚ್ಚಳದ್ದು. ನಾಳೆ ನಮ್ಮದು ಎದ್ದು ಓಡಾಡಿ ಅವಳದ್ದು ಬಿದ್ಕಂಡೇ ಇದ್ರೆ ಅವಳ ಮಖ ನೋಡೋದು ಎಂಗೆ ಕಣಮ್ಮ? ಅದಕ್ಕೇ ಬೀದಿಯೋರೆಲ್ಲ ಸೇರಿ ಒಂದ್ ದೊಡ್ಡ ಪಾತ್ರೆಗೆ ಉಯ್ದುಬುಟ್ಟು ಸಮಾ ಹಂಚ್ಕಂಡೋ."

"ಎಲ್ಲಾ ಸೀಸೆಯದ್ದೂನಾ?"

"ಒಂದ್ ತೊಟ್ಟೂ ಎಚ್ಚುಕಮ್ಮಿ ಆಗಿಲ್ಲ. ಬೇಕಾದ್ರೆ ಅಳ್ದು ನೋಡಿ."

ಇದಕ್ಕೆ ಯಾವ ಪುಸ್ತಕದಲ್ಲೂ ಪರಿಹಾರವಿಲ್ಲ. ಒಂದು ಬೀದಿಯಲ್ಲಿ ಎರಡು ಬಗೆಯ ವಸ್ತು ಕೊಡಬೇಡಿ, ಅಷ್ಟೆ. ಸಾರಿನ ಬಟ್ಟಲು ಗೋಡೆ ದಾಟುವ ಕಡೆ ಎಣ್ಣೆಯೂ ದಾಟುತ್ತದೆ. ಹೀಗೆ ಕೊಪ್ಪಲಿನಿಂದ ಗೊತ್ತಾಗದೆ ಉಳಿದದ್ದನ್ನು ತಿಳಿಯಲು ಎಣ್ಣೆಯನ್ನು ನಾನು ದಟ್ಟಗಳ್ಳಿಗೆ ಕೊಂಡೊಯ್ದೆ. ಅಕ್ಕಪಕ್ಕ ಇನ್ನೊಂದು ನಾಯಿಯೇ ಇಲ್ಲದ, ಒಂಟಿ ನಾಯಿಯ ಮನೆಗೆ.

ಆ ನಾಯಿ ಗುಂಡ. ಮೊದಲು ಹೇಳಿದ ಉಗುರುಗಳು ಅವನವು. ಕಂದು ಬಣ್ಣದ, ಅಗಲ ತಲೆಯ ನಾಡನಾಯಿ, ಚೆನ್ನಾಗಿ ವಯಸ್ಸಾಗಿತ್ತು. ಸಾಕಿದವರು ಭಾಗ್ಯ. ಮಹಡಿಯ ಬಾಡಿಗೆ ಮನೆಯಲ್ಲಿ ರವಿಕೆ ಹೊಲಿಯುತ್ತ ಹೈಸ್ಕೂಲಿಗೆ ಹೋಗುವ ಮಗಳೊಂದಿಗೆ ಇದ್ದರು. ಮೆಟ್ಟಿಲು ಮನೆಯ ಹೊರಗಡೆ ಇತ್ತು, ಕಡಿದಾಗಿತ್ತು. ಗುಂಡ ಹತ್ತುವುದನ್ನೂ ಇಳಿಯುವುದನ್ನೂ ನಿಲ್ಲಿಸಿದ್ದ. ಭಾಗ್ಯ ಅವನನ್ನು ಎತ್ತಿಕೊಂಡು ಇಳಿಸುತ್ತಿದ್ದರು. ಹೊಟ್ಟೆಗೆ ಕೈ ಹಾಕಿ ಎತ್ತಿದರೆ ಮುದಿ ನಾಯಿಗೆ ಉಚ್ಚೆ ತಡೆಯುವುದಿಲ್ಲ. ಅದು ಮೆಟ್ಟಿಲ ಉದ್ದಕ್ಕೂ ತೊಟ್ಟಿಕ್ಕಿ, ಕೆಳಗೆ ಮನೆ ಮಾಲೀಕರ ಬಾಗಿಲಿನ ರಂಗೋಲಿಯಲ್ಲಿ ಮುಗಿಯುತ್ತಿತ್ತು.

ಮಾಲೀಕರು ಕೃಷ್ಣಸ್ವಾಮಿಯವರು, ಬ್ಯಾಂಕಿನಿಂದ ನಿವೃತ್ತರು. ಅವರ ತಾತ ಅರಮನೆಯ ಕುದುರೆ ಲಾಯದಲ್ಲಿ ಅಧಿಕಾರಿಯಾಗಿದ್ದರಂತೆ. ಪ್ರಾಣಿಗಳ ವಿಷಯದಲ್ಲಿ ಕೊನೆಯ ಮಾತು ತಮ್ಮದೇ ಎಂಬ ಭಾವನೆ ಆ ಕಡೆಯಿಂದ ಬಂದಿತ್ತು. ನಾನು ಮೊದಲ ದಿನ ಹೋದಾಗ ಅವರು ಗೇಟಿನಲ್ಲೇ ನಿಂತು ತೀರ್ಪು ಹೇಳಿದರು.

"ನೋಡೀಮ್ಮಾ, ನನಗೆ ನಾಯಿ ಮೇಲೆ ದ್ವೇಷ ಇಲ್ಲ. ಯುಗಾದಿವರೆಗೂ ಟೈಮ್ ಕೊಟ್ಟಿದೀನಿ. ಅಷ್ಟರೊಳಗೆ ಅದು ತನ್ನ ಕಾಲ ಮೇಲೆ ತಾನು ಇಳಿದು ಬಂದ್ರೆ ಇರಲಿ. ಹೊತ್ಕೊಂಡು ಇಳಿಸೋ ಹಾಗಿದ್ರೆ ಬೇರೆ ಕಡೆ ಬಿಟ್ಟು ಬರಲಿ, ಇಲ್ಲ ಇವರೇ ಮನೆ ನೋಡ್ಕೊಳ್ಳಲಿ. ಹೊತ್ಕೊಂಡು ಓಡಾಡ್ಸೋದು ದೇವರನ್ನ. ನಾಯಿ ಅಂದ್ಮೇಲೆ ನಡೀಬೇಕು."

ಭಾಗ್ಯ ಮೇಲಿನಿಂದ ಕೇಳಿಸಿಕೊಳ್ಳುತ್ತಿದ್ದರು. ನಾನು ಹತ್ತಿ ಹೋದಾಗ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದರು. "ನಾಯಿ ಇದೆ ಅಂದ್ರೆ ಈ ಕಡೆ ಯಾರೂ ಮನೆ ಕೊಡಲ್ಲ ಮೇಡಂ. ಮಗಳ ಸ್ಕೂಲು ಇಲ್ಲೇ. ಇವನನ್ನ ಎಲ್ಲಿ ಬಿಡ್ಲಿ? ಬಿಟ್ರೆ ಇವನು ಬಿಟ್ಟ ಜಾಗದಲ್ಲೇ ಕೂತಿರ್ತಾನೆ. ಎದ್ದು ಹೋಗಕ್ಕೆ ಕಾಲೇ ಇಲ್ಲ."

ಎಣ್ಣೆಯ ಪರೀಕ್ಷೆಗೆ ಬಂದಿದ್ದ ನಾನು ಯುಗಾದಿಯ ಗಡುವಿನೊಳಗೆ ಸಿಕ್ಕಿಬಿದ್ದದ್ದು ಹೀಗೆ. ಕೈಯಲ್ಲಿದ್ದದ್ದನ್ನೆಲ್ಲ ತಂದೆ.

ಹಲಗೆಯನ್ನು ಮೆಟ್ಟಿಲ ಮೇಲೆ ಇಳಿಜಾರಾಗಿ ಹಾಕಿ, ಮೇಲೆ ನಾರಿನ ಚಾಪೆ ಕಟ್ಟಿದೆವು. ಗುಂಡ ಅದನ್ನು ಮೂಸಿ, ಎರಡು ಸುತ್ತು ತಿರುಗಿ, ಮೇಲ್ತುದಿಯಲ್ಲಿ ಮಲಗಿಕೊಂಡ. ಅಲ್ಲಿಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಅಂದಿನಿಂದ ಹಲಗೆ ಅವನ ಮಂಚವಾಯಿತು. ಭಾಗ್ಯ ಮತ್ತು ಮಗಳು ಅದನ್ನು ದಾಟಿಕೊಂಡು ಕಷ್ಟಪಟ್ಟು ಓಡಾಡಬೇಕಾಯಿತು. ಜಾರದ ಕಾಲುಚೀಲ ಹಾಕಿದರೆ ನಾಲ್ಕು ಕಾಲನ್ನೂ ಎತ್ತಿ ಎತ್ತಿ ಇಟ್ಟು, ನೀರಿನಲ್ಲಿ ನಡೆಯುವ ಕೊಕ್ಕರೆಯ ಹಾಗೆ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದ.

ಎಣ್ಣೆ ಮಾತ್ರ ಬೇಗ ಬೇಗ ಖಾಲಿಯಾಗುತ್ತಿತ್ತು. ದಿನಕ್ಕೆ ಒಂದು ಚಮಚ ಸಾಕೆಂದು ಹೇಳಿದ್ದೆ. ಭಾಗ್ಯ ಅಷ್ಟೇ ಹಚ್ಚುತ್ತಿದ್ದರು. ಗುಂಡನನ್ನು ಕೆಳಗಿಳಿಸಿದಾಗ ಹಚ್ಚಿ, ಸೀಸೆಯನ್ನು ಅಲ್ಲೇ ಮೆಟ್ಟಿಲ ಬುಡದಲ್ಲಿ ಇಡುತ್ತಿದ್ದರು. ಆ ದಿನಗಳಲ್ಲಿ ಒಮ್ಮೆ ಕೃಷ್ಣಸ್ವಾಮಿಯವರು ನನ್ನನ್ನು ತಡೆದು ನಿಲ್ಲಿಸಿದರು.

"ಎಣ್ಣೆ ಹೇಗೆ ಕೆಲಸ ಮಾಡ್ತಿದೆ ಅಂತ ಬರೆದಿದೀರಿ?"

"ಇನ್ನೂ ಏನೂ ಗೊತ್ತಾಗಿಲ್ಲ ಸರ್."

"ಚೆನ್ನಾಗಿ ಕೆಲಸ ಮಾಡ್ತಿದೆ. ಬರಕೊಳ್ಳಿ."

"ಗುಂಡನಲ್ಲಿ ಅಂಥ ಬದಲಾವಣೆ ಕಾಣ್ತಿಲ್ಲ."

"ಗುಂಡನ ಮಾತು ಬಿಡಿ. ಎಣ್ಣೆ ಮಾತಾಡಿ. ರಾತ್ರಿ ಹಚ್ಚಿ ಬಿಸಿ ಬಟ್ಟೆ ಸುತ್ತಿದ್ರೆ ಬೆಳಿಗ್ಗೆ ಹಗುರಾಗಿರುತ್ತೆ. ಎಡಗಡೆಗಿಂತ ಬಲಗಡೆ ಜಾಸ್ತಿ ಗುಣ."

ಅವರ ಹೆಂಡತಿ ಶಾರದಮ್ಮನವರು ಒಳಗಿನಿಂದ, "ಮನೇಲೆಲ್ಲ ಒಂದೇ ವಾಸನೆ. ಯಾರು ನಾಯಿ ಯಾರು ಮನುಷ್ಯ ಅಂತ ಕತ್ತಲಲ್ಲಿ ಗೊತ್ತಾಗಲ್ಲ" ಎಂದರು. ಕೃಷ್ಣಸ್ವಾಮಿಯವರು ಕೇಳಿಸದ ಹಾಗೆ ಗೇಟಿನ ಚಿಲಕ ನೋಡುತ್ತಿದ್ದರು. ಅವರಿಗೆ ಮಂಡಿನೋವು, ಮಹಡಿ ಮನೆಯ ಮೆಟ್ಟಿಲನ್ನು ಅವರು ಹತ್ತಿ ವರ್ಷಗಳೇ ಆಗಿದ್ದವು. ಪ್ರಾಣಿಗಳ ಎಣ್ಣೆಯನ್ನು ಮನುಷ್ಯರ ಮೇಲೆ ಪರೀಕ್ಷಿಸಿಲ್ಲವೆಂದು ಮೆಲ್ಲಗೆ ಹೇಳಿದೆ. "ನಾನು ಯಾರ ವಿಷಯಾನೂ ಹೇಳ್ಲಿಲ್ಲವಲ್ಲ" ಎಂದರು.

ಉಳಿದದ್ದು ಪಟ್ಟಿ. ನಮ್ಮ ಪಟ್ಟಿಯನ್ನು ನಾಯಿಯ ಹೊಟ್ಟೆಯ ಕೆಳಗೆ ಹಾಯಿಸಿ, ಎರಡು ಹಿಡಿಗಳನ್ನು ಮೇಲೆ ಹಿಡಿದುಕೊಳ್ಳಬೇಕಿತ್ತು. ಗುಂಡನಿಗೆ ಹಾಕಿ ಎತ್ತಿದ ಕೂಡಲೇ ಉಚ್ಚೆ ಹೊಯ್ದ. ಪಟ್ಟಿಯೂ ಕೈಯ ಹಾಗೆಯೇ ಮೂತ್ರಕೋಶವನ್ನು ಒತ್ತುತ್ತಿತ್ತು. ನಮ್ಮ ಕಚೇರಿಯಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ, ಏಕೆಂದರೆ ಅಲ್ಲಿ ಅದನ್ನು ಹಾಕಿ ನೋಡಿದ್ದು ಮರಳು ತುಂಬಿದ ಚೀಲಕ್ಕೆ. ನಾನೂ ಭಾಗ್ಯರೂ ಕೂತು ಅದನ್ನು ಬಿಚ್ಚಿದೆವು. ಹೊಟ್ಟೆಯ ಭಾಗ ತೆಗೆದು, ಎರಡು ತೊಡೆಗೂ ಒಂದೊಂದು ಕುಣಿಕೆ, ಸೊಂಟದ ಮೇಲೆ ಒಂದು ಅಗಲ ಪಟ್ಟಿ. ನಾನು ನೆಲದ ಮೇಲೆ ಕೂತು ಗುಂಡನ ಕೀಲು ಎಲ್ಲಿ ಬಗ್ಗುತ್ತದೆಂದು ಬೆರಳಿಟ್ಟು ತೋರಿಸುತ್ತಿದ್ದೆ, ಅವರು ಅಲ್ಲಿ ಗುರುತು ಮಾಡಿ ಹೊಲಿಯುತ್ತಿದ್ದರು. ಮೂರನೆಯ ಸಲ ಬಿಚ್ಚಿ ಹೊಲಿದದ್ದು ಸರಿಯಾಯಿತು. ಮನೆಯೊಳಗೆ ಗುಂಡ ತನ್ನ ಕಾಲು ತಾನೇ ಊರಿ, ಮುಂಬಾಗಿಲಿನಿಂದ ಅಡುಗೆಮನೆಯ ತನಕ ಓಡಾಡಿದ. ಒಂದು ಹನಿಯೂ ಬೀಳಲಿಲ್ಲ.

ಕೆಳಗೆ ಹೋಗಿ ಹೇಳಿದೆವು. ಕೃಷ್ಣಸ್ವಾಮಿಯವರು ಒಪ್ಪಲಿಲ್ಲ. "ಹಿಂದುಗಡೆ ಒಬ್ರು ಹಿಡ್ಕೊಂಡಿರ್ತಾರೆ ಅಂದ್ಮೇಲೆ ಅದು ಹೊತ್ತ ಹಾಗೇ. ಹಬ್ಬದ ಹಿಂದಿನ ಭಾನುವಾರ ನೋಡೋಣ. ಬರೀ ಕಾಲಲ್ಲಿ ಬರಲಿ."

ಆ ಭಾನುವಾರ ಅವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿ ಮೆಟ್ಟಿಲ ಕೆಳಗೆ ನಿಂತಿದ್ದರು. ಗುಂಡ ಮೇಲೆ ಹಲಗೆಯ ತುದಿಯಲ್ಲಿ ಬಿಸಿಲಿಗೆ ಮಲಗಿದ್ದ. ಭಾಗ್ಯ ಕರೆದರು, ಮಗಳು ಬಿಸ್ಕತ್ತು ತೋರಿಸಿದಳು, ನಾನು ಚಪ್ಪಾಳೆ ತಟ್ಟಿದೆ. ಗುಂಡ ಬಾಲ ಅಲ್ಲಾಡಿಸಿದ. ಕಾಲು ಅಲ್ಲಾಡಿಸಲಿಲ್ಲ.

"ನೀವು ಕರೆಯೋ ರೀತಿ ಸರಿಯಿಲ್ಲ," ಎಂದರು ಕೃಷ್ಣಸ್ವಾಮಿಯವರು. "ನಮ್ಮ ತಾತ ಹೇಳೋರು, ಪ್ರಾಣಿ ಹಿಂದೆ ನಿಂತು ಹೇಳಬೇಕು, ಮುಂದೆ ನಿಂತಲ್ಲ." ಹಾಗೆಂದು ಅವರು ಮೆಟ್ಟಿಲು ಹತ್ತತೊಡಗಿದರು. ಶಾರದಮ್ಮನವರು "ಏನ್ರೀ ಇದು" ಎಂದದ್ದು ಅವರ ಬೆನ್ನಿಗೆ ಕೇಳಿಸಿತೋ ಇಲ್ಲವೋ. ಹಲಗೆಯ ಪಕ್ಕದ ಸಂದಿಯಲ್ಲಿ, ಗೋಡೆ ಹಿಡಿದು, ನಿಲ್ಲದೆ ಹತ್ತಿಬಿಟ್ಟರು. ಮೇಲೆ ತಲುಪಿ ತಿರುಗಿ ನಮ್ಮನ್ನು ನೋಡಿದ ಮುಖದಲ್ಲಿ ಗುಂಡನ ವಿಷಯ ಪೂರ್ತಿ ಮರೆತುಹೋಗಿತ್ತು. "ನೋಡಿದ್ರಾ? ಎಣ್ಣೆ. ಬರಕೊಳ್ಳಿ."

ಆಮೇಲೆ ಅವರು ಕೆಳಗೆ ನೋಡಿದರು.

ಹೊಸಬರು ಇದನ್ನು ತಿಳಿದಿರಬೇಕು: ಕೆಟ್ಟ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ನಾಯಿಗೂ ಹಾಗೆಯೇ. ಕೃಷ್ಣಸ್ವಾಮಿಯವರು ಬಲಗಾಲನ್ನು ಮುಂದಿಟ್ಟು, ಹಿಂತೆಗೆದು, ಎಡಗಾಲನ್ನು ಮುಂದಿಟ್ಟು, ಅದನ್ನೂ ಹಿಂತೆಗೆದು, ಹಲಗೆಯ ಮೇಲೆ ಗುಂಡನ ಪಕ್ಕ ಕೂತರು.

"ಸ್ವಲ್ಪ ಹೊತ್ತು ಕೂತು ಬರ್ತೀನಿ. ಗಾಳಿ ಚೆನ್ನಾಗಿದೆ."

ಗುಂಡ ಅವರ ಮಂಡಿಯನ್ನು ಮೂಸಿದ. ತನ್ನದೇ ವಾಸನೆ ಸಿಕ್ಕಿರಬೇಕು, ಗಲ್ಲವನ್ನು ಅದರ ಮೇಲಿಟ್ಟು ಕಣ್ಣು ಮುಚ್ಚಿದ.

ಕಾಫಿ ಮೇಲಕ್ಕೆ ಹೋಯಿತು. ಪತ್ರಿಕೆ ಹೋಯಿತು. ಉಪ್ಪಿಟ್ಟು ಹೋಯಿತು. ಅದರಲ್ಲಿ ಗುಂಡನಿಗೂ ಪಾಲು ಸಿಕ್ಕಿತು. ಎದುರು ಮನೆಯವರು ಬಂದು "ಏನ್ ಸಾರ್, ಮಹಡಿ ಮೇಲೆ?" ಎಂದು ಕೇಳಿದಾಗ "ತಪಾಸಣೆ" ಎಂದರು. ಬಿಸಿಲು ಏರಿತು. ಶಾರದಮ್ಮನವರು ನಾಲ್ಕು ಜನರನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿ ಇಳಿಸುವ ಮಾತೆತ್ತಿದರು.

"ನನ್ನನ್ನ ಯಾರೂ ಹೊತ್ಕೊಂಡು ಇಳಿಸಬೇಕಾಗಿಲ್ಲ," ಎಂದರು ಮೇಲಿನಿಂದ.

"ಹಾಗಾದ್ರೆ ಅಲ್ಲೇ ಯುಗಾದಿ ಮಾಡಿ. ಬೇವು ಬೆಲ್ಲ ಕಳಿಸ್ತೀನಿ."

ನನ್ನ ಚೀಲದಲ್ಲಿ ಅತಿ ದೊಡ್ಡ ಅಳತೆಯ ಪಟ್ಟಿಯೊಂದಿತ್ತು. ಕರುವಿನಷ್ಟು ದೊಡ್ಡ ತಳಿಯ ನಾಯಿಗೆಂದು ವೆಂಕಟೇಶ್ ಸರ್ ಮಾಡಿಸಿದ್ದು. ಅಂಥ ನಾಯಿ ಮೈಸೂರಿನಲ್ಲಿ ನನಗೆ ಸಿಕ್ಕಿರಲಿಲ್ಲ. ಅದನ್ನು ಹಿಡಿದು ಮೇಲೆ ಹೋದೆ. ಕೃಷ್ಣಸ್ವಾಮಿಯವರ ಪಕ್ಕದಲ್ಲಿಟ್ಟೆ. ಅವರು ಬಹಳ ಹೊತ್ತು ಅದನ್ನು ನೋಡಿದರು. ಹಿಡಿಯನ್ನು ಎಳೆದು ನೋಡಿದರು. ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಇದನ್ನ ಕಟ್ಕೊಂಡು ಇಳಿದ್ರೆ," ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ, "ಅದು ಹೊತ್ತ ಹಾಗೋ, ನಡೆದ ಹಾಗೋ?"

ನಾನು ಯೋಚಿಸಿ ಉತ್ತರ ಹೇಳಿದೆ. "ನಡೆದ ಹಾಗೆ ಸರ್. ಹೆಜ್ಜೆ ಎಲ್ಲಾ ನಿಮ್ಮದೇ. ಹಿಂದೆ ಹಿಡಿದವರು ಭಾರದಲ್ಲಿ ಸ್ವಲ್ಪ ಪಾಲು ತಗೋತಾರೆ, ಅಷ್ಟೆ."

"ಖಂಡಿತ?"

"ಖಂಡಿತ."

ಭಾಗ್ಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಗುಂಡನ ಪಟ್ಟಿ ಇತ್ತು. "ಸಾರ್," ಎಂದರು, "ಇವನಿಗೂ ಅದೇ ಲೆಕ್ಕ ಅಲ್ವಾ?"

ಕೃಷ್ಣಸ್ವಾಮಿಯವರು ಅವರನ್ನು ನೋಡಲಿಲ್ಲ. ತಮ್ಮ ಮಂಡಿಯ ಮೇಲಿದ್ದ ಗುಂಡನ ತಲೆಯನ್ನು ನೋಡಿದರು. ಅದನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು.

"ಅವನಿಗೆ ಮೊದಲು ಕಟ್ಟಿ. ಅವನು ಮುಂದೆ ಹೋಗಲಿ. ನಾನು ಹಿಂದೆ ನಿಂತು ಹೇಳ್ತೀನಿ."

ಹಲಗೆ ತೆಗೆದೆವು. ಗುಂಡ ಮುಂದೆ, ಅವನ ಪಟ್ಟಿ ಹಿಡಿದು ಭಾಗ್ಯ. ಅವರ ಹಿಂದೆ ಕೃಷ್ಣಸ್ವಾಮಿಯವರು, ಅವರ ಪಟ್ಟಿ ಹಿಡಿದು ನಾನು ಮತ್ತು ಭಾಗ್ಯರ ಮಗಳು. ಗುಂಡ ಒಂದು ಮೆಟ್ಟಿಲು ಇಳಿದು ನಿಂತರೆ ಎಲ್ಲರೂ ನಿಲ್ಲಬೇಕಿತ್ತು. "ಹೂಂ, ಇಡು. ಇನ್ನೊಂದು. ಅಡ್ಡಿಯಿಲ್ಲ, ಇಡು," ಎಂದು ಕೃಷ್ಣಸ್ವಾಮಿಯವರು ಹೇಳುತ್ತಿದ್ದರು. ಯಾರ ಕಾಲಿಗೆ ಹೇಳುತ್ತಿದ್ದಾರೆಂದು ನನಗೆ ಸ್ಪಷ್ಟವಾಗಲಿಲ್ಲ. ಕೆಳಗೆ ಎದುರು ಮನೆಯವರು, ಅವರ ಪಕ್ಕದವರು, ತರಕಾರಿ ಗಾಡಿಯವರು ನಿಂತು ನೋಡುತ್ತಿದ್ದರು. ಯಾರೂ ನಗಲಿಲ್ಲ, ಅಷ್ಟು ಗಂಭೀರವಾದ ಮೆರವಣಿಗೆ ಅದು.

ಕೊನೆಯ ಮೆಟ್ಟಿಲು ಇಳಿದು ಗುಂಡ ರಂಗೋಲಿಯ ಮೇಲೆ ನಡೆದು ದಾಟಿ, ಗೇಟಿನ ಪಕ್ಕದ ಕಂಬಕ್ಕೆ ಹೋಗಿ, ಕಾಲೆತ್ತಲಾಗದಿದ್ದರೂ ಗಂಡುನಾಯಿಯ ಮರ್ಯಾದೆಗೆ ತಕ್ಕಷ್ಟು ಓರೆಯಾಗಿ ನಿಂತು, ತನ್ನ ಕೆಲಸ ಮುಗಿಸಿದ. ಶಾರದಮ್ಮನವರು ಅಳಿಸಿಹೋದ ರಂಗೋಲಿಯನ್ನೂ ಗಂಡನ ಸೊಂಟದ ಪಟ್ಟಿಯನ್ನೂ ನೋಡಿ, "ಇಬ್ಬರೂ ನಡ್ಕೊಂಡೇ ಬಂದ್ರಿ ಅಂತ ಇಟ್ಕೊಳ್ಳೋಣ" ಎಂದರು. ಕೃಷ್ಣಸ್ವಾಮಿಯವರು ಪಟ್ಟಿ ಬಿಚ್ಚದೆ ಒಳಗೆ ಹೋದರು.

ಸಂಜೆ ವೆಂಕಟೇಶ್ ಸರ್‌ಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಎಣ್ಣೆಯಿಂದ ನಾಯಿಗೆ ಏನೂ ಆಗಲಿಲ್ಲ, ಹಲಗೆ ಮಲಗಲು ಚೆನ್ನಾಗಿದೆ, ಪಟ್ಟಿಯನ್ನು ಹೊಸದಾಗಿ ಹೊಲಿಸಬೇಕು ಎಂದೆ. ಅವರು "ಆ ಸಾಹೇಬರ ತೂಕ ಎಷ್ಟಿರಬಹುದು?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ, ಕಚೇರಿಗೆ ಹೋಗುವ ಮೊದಲು ದಟ್ಟಗಳ್ಳಿಗೆ ಹೋದೆ. ಮಹಡಿಯಲ್ಲಿ ಭಾಗ್ಯರ ಬಾಗಿಲ ಪಕ್ಕ, ಇಳಿಯುವ ಮೆಟ್ಟಿಲು ಶುರುವಾಗುವಲ್ಲಿ, ಹೊಸದಾಗಿ ಸುಣ್ಣ ಬಳಿದ ಗೋಡೆಗೆ ನಾನು ಒಂದೇ ಎತ್ತರದಲ್ಲಿ ಎರಡು ಮೊಳೆ ಹೊಡೆದು, ಒಂದಕ್ಕೆ ಗುಂಡನ ಪಟ್ಟಿಯನ್ನೂ ಇನ್ನೊಂದಕ್ಕೆ ಕೃಷ್ಣಸ್ವಾಮಿಯವರು ಬಿಚ್ಚಿಕೊಟ್ಟ ದೊಡ್ಡ ಪಟ್ಟಿಯನ್ನೂ ನೇತುಹಾಕಿದೆ. ಸುತ್ತಿಗೆಯೂ ಅವರ ಮನೆಯದೇ. ಮೊಳೆ ಎಲ್ಲಿ ಹೊಡೆಯಬೇಕೆಂದು ಅವರು ಕೆಳಗಿನಿಂದ ಹೇಳುತ್ತಿದ್ದರು.